ಹಳಿಯ ಮೇಲೆ ಮೂರು ಪೆಟ್ಟು

ಒಕ್ಕಣೆಯ ದಿನಗಳು. ಕಣದ ಹೊಟ್ಟು ಗಾಳಿಗೆ ತೂರಿ ಬಂದು ಮನೆಯ ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ. ಸೊಂಟ ಮುರಿದುಕೊಂಡ ಮನೆಯೊಡತಿ ಮಹಡಿ ಹತ್ತಲಾರದೆ, ಮನೆಯೊಳಗೇ ಲಿಫ್ಟ್ ಕೂರಿಸುವ ಕೆಲಸ ಹಿಡಿಸಿದ್ದಳು. ಹಳಿಗಳು ಗೋಡೆಗೆ ಕಚ್ಚಿ ನಿಂತಿದ್ದವು. ಒಂದು ಕಡೆ ಪೆಟ್ಟಿಗೆ, ಇನ್ನೊಂದು ಕಡೆ ಅದನ್ನು ಸರಿತೂಗುವ ಕಬ್ಬಿಣದ ಭಾರ. ಎರಡಕ್ಕೂ ಮೇಲಿನ ಗಾಲಿಯಿಂದ ಇಳಿಬಿದ್ದ ಉಕ್ಕಿನ ಹಗ್ಗಗಳು.

ಕೆಲಸಕ್ಕೆ ಬಂದಿದ್ದವರು ಭಾವ, ಭಾಮೈದ. ಇಬ್ಬರಿಗೂ ಮಾತಿರಲಿಲ್ಲ. ತನ್ನ ಅಪ್ಪ ತೀರಿಕೊಂಡ ದಿನ ಭಾಮೈದ ನೆಂಟರೆದುರಿಗೇ, ಡಾಕ್ಟರನ್ನು ಕರೆಸದೆ ಅಪ್ಪನನ್ನು ಕೊಂದವನು ಭಾವನೇ ಎಂದುಬಿಟ್ಟಿದ್ದ. ಡಾಕ್ಟರು ಬೇಡವೆಂದು ಹಟ ಹಿಡಿದದ್ದು ಅಪ್ಪನೇ ಎಂದು ಅಕ್ಕ ಆಮೇಲೆ ಹೇಳಿದಳು. ತಪ್ಪಾಯಿತು ಎನ್ನಲು ಮಾತ್ರ ಭಾಮೈದನಿಗೆ ಬಾಯಿ ಬರಲಿಲ್ಲ. ಕೆಲಸ ನಿಲ್ಲುವಂತಿರಲಿಲ್ಲವಲ್ಲ, ಅದಕ್ಕೊಂದು ದಾರಿ ಮಾಡಿಕೊಂಡರು. ಮೇಲೆ ಗಾಲಿಯ ಬಳಿ ಭಾವ ಲಿಫ್ಟ್ ನಡೆಸುವ ಬಟನ್ ಹಿಡಿದು ನಿಲ್ಲುತ್ತಿದ್ದ; ಕೆಳಗಿನವನು ಹಳಿಗೆ ಸ್ಪ್ಯಾನರಿನಿಂದ ಒಂದು ಪೆಟ್ಟು ಹೊಡೆದರೆ ನಿಲ್ಲಿಸು, ಎರಡಕ್ಕೆ ಮೇಲೆ, ಮೂರಕ್ಕೆ ಕೆಳಗೆ.

“ಎಮ್ಮೆಗಾದ್ರೂ ಹೋಯ್ ಅಂತ ಬಾಯಿಬಿಟ್ಟು ಹೇಳ್ತಾರಪ್ಪ,” ಎಂದು ಮಹಡಿಯಲ್ಲಿ ಲಿಫ್ಟಿನ ಬಾಗಿಲ ಚೌಕಟ್ಟು ಕೂರಿಸುತ್ತಿದ್ದ ಬಡಗಿ ನಕ್ಕಿದ್ದ.

ಆ ಮಧ್ಯಾಹ್ನ ಭಾಮೈದ ಲಿಫ್ಟಿನ ತಳದ ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಪೆಟ್ಟಿಗೆ ಅಳತೆ ಮೀರಿ ಇಳಿದರೆ ತಡೆಯುವ ಸ್ಪ್ರಿಂಗಿಗೆ ಬೋಲ್ಟು ಬಿಗಿಯುತ್ತಿದ್ದ. ಗುಂಡಿ ಮೊಣಕಾಲುದ್ದ, ಅಷ್ಟೇ. ಹೊಟ್ಟು ಕಣ್ಣಿಗೆ ಬೀಳುತ್ತದೆಂದು ಬಾಗಿಲನ್ನು ತಾನೇ ಎಳೆದುಕೊಂಡಿದ್ದ. ಪೆಟ್ಟಿಗೆ ಎದುರಿಗೆ ಬಂದು ನಿಲ್ಲದ ಹೊರತು ಆ ಬಾಗಿಲ ಕೊಂಡಿ ತಾನಾಗಿ ಬಿಡುವುದಿಲ್ಲ. ಗುಂಡಿಯೊಳಗಿನಿಂದ ಲಿಫ್ಟ್ ನಿಲ್ಲಿಸುವ ಸ್ವಿಚ್ಚಿಗೆ ಇನ್ನೂ ತಂತಿ ಎಳೆದಿರಲಿಲ್ಲ.

ಮೇಲೆ ಬಡಗಿ ಮೊಳೆಯೊಂದಕ್ಕೆ ಮೂರು ಪೆಟ್ಟು ಹಾಕಿ ಕೈ ತಡೆದ.

ಹಳಿಗೆ ಒರಗಿದ್ದ ಭುಜಕ್ಕೆ ಸಣ್ಣ ನಡುಕ ತಾಗಿ ಭಾಮೈದ ಕತ್ತೆತ್ತಿದ. ಪೆಟ್ಟಿಗೆಯ ತಳ ಇಳಿಯುತ್ತಿತ್ತು, ಮೇವು ತಿಂದ ದನ ಮಲಗುವಷ್ಟು ನಿಧಾನವಾಗಿ. ಸ್ಪ್ಯಾನರಿನಿಂದ ಹಳಿಗೆ ಒಂದು ಪೆಟ್ಟು ಹೊಡೆದ. ಅದೇ ಹೊತ್ತಿಗೆ ಬಡಗಿ ಮತ್ತೆ ಶುರುಮಾಡಿದ್ದ. ಆ ಗದ್ದಲದಲ್ಲಿ ಇವನ ಪೆಟ್ಟು ಕಲೆತುಹೋಯಿತು. ಇನ್ನೊಂದು ಹೊಡೆಯಲು ಹೋಗಿ ಕೈ ತಡೆಯಿತು. ಬಡಗಿಯದೂ ಸೇರಿ ಎಣಿಕೆ ಮೂರಾಗಿಬಿಟ್ಟರೆ? ಕೊಂಡಿಯನ್ನು ಒಳಗಿನಿಂದ ಬಿಡಿಸುವ ತುಂಡು ಬಾಗಿಲ ಮೇಲ್ತುದಿಯಲ್ಲಿತ್ತು. ಪೆಟ್ಟಿಗೆ ಆಗಲೇ ಅದನ್ನು ದಾಟಿತ್ತು. ಬಾಯಿ ತೆರೆದ. ಗಾಳಿಯಷ್ಟೇ ಹೊರಟಿತು. ಗ್ರೀಸಿನ ವಾಸನೆ ಮುಖಕ್ಕೆ ಬಂತು. ತಣ್ಣನೆಯ ಕಬ್ಬಿಣ ನೆತ್ತಿಗೆ ತಾಗಿತು. ಕತ್ತು ಬಾಗಿಸಿದ, ಬೆನ್ನು ಬಾಗಿಸಿದ, ಗಲ್ಲ ಮೊಣಕಾಲಿಗೆ ಒತ್ತಿತು.

“ಭಾವಾ!”

ಮೇಲೆ ಬಟನ್ ಒತ್ತಿ ಹಿಡಿದಿದ್ದ ಭಾವನ ಹೆಬ್ಬೆರಳು ಸಡಿಲಿತು. ಒತ್ತು ಬಿಟ್ಟೊಡನೆ ಬ್ರೇಕು ಕಚ್ಚುವುದು ಆ ಯಂತ್ರದ ಗುಣ. ಪೆಟ್ಟಿಗೆ ನಿಂತಿತು. ಬೆನ್ನಿನ ಮೇಲಿನ ಭಾರ ಇಳಿಯಲೂ ಇಲ್ಲ, ಏರಲೂ ಇಲ್ಲ.

“ಇದ್ದೀಯೇನೋ?” ಮೇಲಿನಿಂದ ದನಿ ಬಂತು.

“ಇದ್ದೀನಿ. ಮೇಲೆತ್ತು.”

ಪೆಟ್ಟಿಗೆ ಏರಿತು. ಭಾವ ಮೆಟ್ಟಿಲು ಇಳಿದು ಬಂದು ಕೀಲಿ ತಿರುಗಿಸಿ ಬಾಗಿಲು ತೆಗೆದು ಕೈ ಚಾಚಿದ. ಭಾಮೈದ ಆ ಕೈ ಹಿಡಿದು ಮೇಲೆ ಬಂದ.

“ಮೂರು ಹೊಡೆದ್ಯಲ್ಲೋ.”

“ನಾನಲ್ಲ, ಬಡಗಿ.”

ಇಬ್ಬರೂ ಹೊಸ್ತಿಲಲ್ಲಿ ಕೂತರು. ಈಗಲಾದರೂ ತಪ್ಪಾಯಿತು ಅಂದುಬಿಡಬೇಕೆಂದು ಭಾಮೈದ ತುಟಿ ತೆರೆದ. ಮೇಲೆ ಸುತ್ತಿಗೆ ಬಿತ್ತು, ಇಬ್ಬರೂ ಬೆಚ್ಚಿದರು. ಅಪ್ಪನ ವಿಷಯದ ಆ ಮಾತು ಹಾಗೇ ಬಾಕಿ ಉಳಿಯಿತು.

“ಆ ಸ್ವಿಚ್ಚಿನ ತಂತಿ ಕೊಡು, ಭಾವ,” ಎಂದ.