ಲಾಕರಿನ ಗಟ್ಟಿ

ನಾನು ವಿಡಿಯೋ ಗೇಮ್ ಕಟ್ಟುವವಳು. ಈಗಿನ ಆಟದಲ್ಲಿ ಲೋಕ ಮುಗಿದಿದೆ. ಅಳಿದುಳಿದವರು ಪಾಳುಬಿದ್ದ ಊರಿನಲ್ಲಿ ನೀರು, ಔಷಧಿ ಹುಡುಕಿಕೊಂಡು ಬದುಕಬೇಕು. ಅಲ್ಲಿನ ಬ್ಯಾಂಕಿನ ಲಾಕರಿನಲ್ಲಿ ನಾನೊಂದು ಚಿನ್ನದ ಗಟ್ಟಿ ಇಟ್ಟೆ. ಭಾರ ಜಾಸ್ತಿ, ಉಪಯೋಗ ಸೊನ್ನೆ.

ಕಂಪನಿಯ ಯಜಮಾನರು ನನ್ನ ಭಾವ. ನೋಡಿದ್ದೇ ರೇಗಿದರು. "ಲೋಕಾನೇ ಮುಗಿದ್ಮೇಲೆ ಇದನ್ನ ಯಾವ ದಡ್ಡ ಎತ್ಕೋತಾನೆ? ಚಿನ್ನದ ಸೂಜಿ ಅಂತ ಕಣ್ಣು ಚುಚ್ಕೊಳ್ಳೋಕಾಗುತ್ತಾ? ತೆಗೆದ್ಹಾಕು."

ನನ್ನ ಕೆಲಸದಲ್ಲಿ ಮೂಗು ತೂರಿಸಿದರೆ ಭಾವನನ್ನೂ ಬಿಡುವವಳಲ್ಲ ನಾನು. "ತೆಗೆಯಲ್ಲ. ಮೊದ್ಲು ನೀವೇ ಆಡಿ ನೋಡಿ," ಎಂದು ನನ್ನ ಕುರ್ಚಿಯಲ್ಲೇ ಕೂರಿಸಿದೆ.

ಭಾವ ಚೆನ್ನಾಗಿಯೇ ಆಡಿದರು. ಲಾಕರ್ ತೆರೆದಾಗ ಮಾತ್ರ ಕೈ ನಿಂತಿತು. ಆಟದೊಳಗಿನ ಅವರ ಬ್ಯಾಗು ಆಗಲೇ ನೀರು, ಔಷಧಿಯಿಂದ ಭರ್ತಿಯಾಗಿತ್ತು. ಓರೆಗಣ್ಣಿನಲ್ಲಿ ನನ್ನನ್ನೊಮ್ಮೆ ನೋಡಿ, ನೀರಿನ ಬಾಟಲಿಗಳನ್ನು ಮೆಲ್ಲಗೆ ಕೆಳಗಿಟ್ಟು ಗಟ್ಟಿಯನ್ನು ಒಳಗೆ ಸೇರಿಸಿದರು. ಎರಡು ಬೀದಿ ದಾಟುವಷ್ಟರಲ್ಲಿ ಬಾಯಾರಿ ಸತ್ತರು.

"ಇದನ್ನ ಮಾರೋಕೆ ಅಂಗಡಿ ಎಲ್ಲಿಟ್ಟಿದ್ದೀಯ?" ಎಂದು ನನ್ನನ್ನೇ ದಬಾಯಿಸಿದರು.

"ಅಂಗಡಿ ಇಲ್ಲ ಭಾವ. ಲೋಕ ಮುಗಿದಿದೆ."

"ಮುಗೀಲಿ ಬಿಡು, ಯಾರಾದ್ರೂ ಒಂದು ಅಂಗಡಿ ತೆಗೆದೇ ತೆಗೀತಾರೆ," ಎಂದ ಭಾವ ಆಟವನ್ನು ಮತ್ತೆ ಶುರು ಮಾಡಿ, ನೀರಿನತ್ತ ತಿರುಗಿಯೂ ನೋಡದೆ ನೆಟ್ಟಗೆ ಬ್ಯಾಂಕಿಗೆ ಹೊರಟರು.