ಗಿರಣಿ ನಿಲ್ದಾಣದಲ್ಲಿ ನಾಲ್ಕು ನಿಮಿಷ

ಮತ್ತೆ ಡಿಕ್ಕಿ. ಬೆರಳುದ್ದದ ಎರಡು ಟ್ರಾಮ್‌ಗಳು ಗಿರಣಿ ನಿಲ್ದಾಣದಾಚೆಯ ಒಂಟಿ ಹಳಿಯ ಮೇಲೆ ಮೂತಿಗೆ ಮೂತಿ ಗುದ್ದಿಕೊಂಡು ನಿಂತವು. ಅಶೀಲ್ "ಥತ್!" ಎಂದು ಕುರ್ಚಿ ಹಿಂದೆ ಸರಿಸಿದ. ಸರಿಸಲು ಜಾಗವಾದರೂ ಎಲ್ಲಿತ್ತು? ಗೆಂಟ್ ನಗರದ ಮೂರನೇ ಮಹಡಿಯ ಆ ಪುಟ್ಟ ಮನೆಯಲ್ಲಿ, ಕೋಟು ನೇತುಹಾಕುವ ಕಪಾಟಿನೊಳಗೆ, ಒಂದೂವರೆ ಮೀಟರ್ ಹಲಗೆಯ ಮೇಲೆ ಅವನು ತಾನು ಓಡಿಸುತ್ತಿದ್ದ ಇಡೀ ಟ್ರಾಮ್ ಮಾರ್ಗದ ಮಾದರಿ ಕಟ್ಟಿದ್ದ.

"ನನ್ನ ಕೋಟಿಗೆ ಗತಿಯಿಲ್ಲ, ಇವನ ಟ್ರಾಮಿಗೆ ಊರೇ ಇದೆ," ಎಂದಳು ಹೆಂಡತಿ ಗೋಡಲೀವ, ಅಡುಗೆಮನೆಯಿಂದ. "ಫಿರ್ಮಿನ್‌ಗೆ ಫೋನ್ ಮಾಡಿದೀನಿ. ಈಗ ಬರ್ತಾನೆ."

"ಯಾರನ್ನ ಕೇಳಿ ಮಾಡ್ದೆ?"

"ಭಾನುವಾರ ನಿಮ್ಮ ಹಳೇ ಟ್ರಾಮಿನವರ ಸಂಘದ ಪ್ರದರ್ಶನ. ಯಾರೂ ಕೈಹಾಕದೆ ಅದು ತಾನೇ ಓಡ್ಬೇಕು ಅಂತೀಯ. ಓಡ್ತಿದೆಯಾ? ಸಂಘದಲ್ಲಿ ಈ ವೈರು, ಕಂಪ್ಯೂಟರು ತಿಳಿದೋನು ಅವನೊಬ್ನೇ."

ಅಶೀಲ್ ಗುದ್ದಿಕೊಂಡ ಎರಡು ಟ್ರಾಮ್‌ಗಳನ್ನೂ ಬಿಡಿಸಿ ಹಿಂದಕ್ಕಿಟ್ಟ. ಇಪ್ಪತ್ತೆಂಟು ವರ್ಷಗಳ ಹಿಂದೆ ಇದೇ ಮಾರ್ಗದಲ್ಲಿ ಅವನೂ ಫಿರ್ಮಿನ್ನನೂ ಚಾಲಕರು. ಒಂದು ಮಂಜಿನ ಬೆಳಿಗ್ಗೆ, ಇದೇ ಗಿರಣಿಯಾಚೆ, ಇಬ್ಬರ ಟ್ರಾಮ್‌ಗಳೂ ಗುದ್ದಿಕೊಂಡಿದ್ದವು. ನಗರಕ್ಕೆ ಹೋಗುವವನು ಗಿರಣಿಯ ಜೋಡಿಹಳಿಯಲ್ಲಿ ಎದುರಿನವನಿಗಾಗಿ ಹತ್ತು ನಿಮಿಷ ಕಾಯಬೇಕು. ಅದಕ್ಕೂ ತಡವಾದರೆ ಎದುರಿನವನೇ ತನ್ನ ಕಡೆ ನಿಂತು ದಾರಿ ಬಿಡಬೇಕು. ನಿಯಮ ಅದು. ಅಂದು ನಗರದ ಕಡೆ ಹೊರಟಿದ್ದ ಅಶೀಲ್, ಹತ್ತು ನಿಮಿಷ ಪೂರ್ತಿ ಕಾದೆ ಎಂದು ವಿಚಾರಣೆಯಲ್ಲಿ ಹೇಳಿದ. ವರ್ಷಗಳು ಕಳೆದಂತೆ ತಾನೂ ಅದನ್ನೇ ನಂಬಿದ. ಫಿರ್ಮಿನ್ ಮೊದಲೇ ತಡಕ್ಕೆ ಹೆಸರಾದವನು, ಅವನ ಮಾತು ಯಾರು ಕೇಳುತ್ತಾರೆ? ಯಾರೂ ಸಾಯಲಿಲ್ಲ, ಪುಣ್ಯ. ಆದರೆ ಅವನನ್ನು ಚಾಲಕನ ಕೆಲಸದಿಂದ ತೆಗೆದು ಡಿಪೋದಲ್ಲಿ ಟ್ರಾಮ್ ತೊಳೆಯಲು ಹಾಕಿದರು. ನಿವೃತ್ತಿಯವರೆಗೂ ತೊಳೆದ.

ಫಿರ್ಮಿನ್ ಸಲಕರಣೆ ಪೆಟ್ಟಿಗೆ ಹಿಡಿದು ಬಂದ. ಕಪಾಟಿನೊಳಗೆ ತಲೆ ತೂರಿಸಿ, "ಪರವಾಗಿಲ್ವೇ! ಕೋಟಿನ ಕೊಕ್ಕೆ ಕೆಳಗೆ ಇಡೀ ಊರು ಕೂರಿಸಿದೀಯಲ್ಲ," ಎಂದ. "ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಬೇಕು, ಬರೆದಿಟ್ಟಿದೀಯಾ?"

ಗೋಡಲೀವ ಕಾಫಿ ಇಟ್ಟು, ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಚೀಟಿ ಕಿತ್ತುಕೊಟ್ಟಳು. ಫಿರ್ಮಿನ್ ಕನ್ನಡಕ ಏರಿಸಿದ.

"ನಿಜವಾದ ಒಂದು ನಿಮಿಷಕ್ಕೆ ಇಲ್ಲಿ ಒಂದು ಸೆಕೆಂಡು. ಸರಿ. ಗಿರಣಿ, ನಾಲ್ಕು." ಅವನ ದನಿ ಇಳಿಯಿತು. "ಇದನ್ನ ಯಾರು ಬರೆದದ್ದು?"

"ನಾನೇ. ಕಂಪ್ಯೂಟರಿಗೆ ಹಾಕಿದ್ದೂ ನಾನೇ, ಇವನ ದಪ್ಪ ಬೆರಳಿಗೆ ಆ ಗುಂಡಿಗಳು ಸಿಗಲ್ಲ," ಎಂದಳು ಗೋಡಲೀವ. "ಇವನು ಕುರ್ಚೀಲಿ ಕಣ್ಮುಚ್ಚಿ ಕೂತು ಪೂರ್ತಿ ಒಂದು ಸುತ್ತು ಓಡಿಸ್ದ. ಹಿಡಿಕೆ ತಿರುಗ್ಸೋದು, ಗಂಟೆ ಬಾರ್ಸೋದು, ಎಲ್ಲಾ! ನಾನು ಗಡಿಯಾರ ನೋಡಿ ಬರ್ಕೊಂಡೆ. ಮೂರು ದಿನ ಮಾಡಿದ್ವಿ. ಮೂರು ದಿನವೂ ಗಿರಣಿ ಹತ್ರ ನಾಲ್ಕೇ ನಿಮಿಷ."

ಮೂರು ವಾರದಿಂದ ಅಶೀಲ್ ತಂತಿ ಬಿಚ್ಚಿದ್ದ, ಗಾಲಿ ಒರೆಸಿದ್ದ, ಹಳಿ ಕಿತ್ತು ಮತ್ತೆ ಕೂರಿಸಿದ್ದ. ಆ ಚೀಟಿಯನ್ನು ಮಾತ್ರ ಓದಿರಲಿಲ್ಲ.

"ಬರೆಯೋವಾಗ ತಪ್ಪಿರ್ಬೇಕು," ಎಂದ ಫಿರ್ಮಿನ್, ಯಾರ ಮುಖವನ್ನೂ ನೋಡದೆ. "ಹತ್ತು ಮಾಡ್ತೀನಿ. ಸರಿಹೋಗತ್ತೆ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅಶೀಲ್‌ಗೆ ಅದು ಗೊತ್ತಿತ್ತು. ಅವನು ಫಿರ್ಮಿನ್‌ನ ಕೈಯಿಂದ ಚೀಟಿ ತೆಗೆದುಕೊಂಡು ಓದಿದ.

"ತಪ್ಪಿಲ್ಲ. ಕಣ್ಮುಚ್ಚಿದ್ರೆ ನಂಗೆ ಆ ಮಂಜಿನ ಬೆಳಿಗ್ಗೆಯೊಂದೇ ಬರೋದು. ನಾಲ್ಕೇ ನಿಮಿಷ ಕಾದಿದ್ದು, ಫಿರ್ಮಿನ್. ನೀನು ಹೇಗೂ ತಡ, ನಿನ್ನ ಕಡೇಲೇ ನಿಲ್ತೀಯ ಅಂತ ನಾನೇ ಹೊರಟುಬಿಟ್ಟೆ."

ಗೋಡಲೀವ ಕೈಯಲ್ಲಿದ್ದ ಬಿಸ್ಕತ್ತಿನ ತಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಳು.

"ನಾನು ಐದೇ ನಿಮಿಷ ತಡ," ಎಂದ ಫಿರ್ಮಿನ್. "ನನ್ನ ಕೈಯಲ್ಲೂ ಗಡಿಯಾರ ಇತ್ತಲ್ಲ ಮಾರಾಯ."

"ಭಾನುವಾರ ಎಲ್ಲರೆದುರು ಹೇಳ್ತೀನಿ."

"ಹೇಳು. ಹೇಳ್ಲೇಬೇಕು. ಮೊದ್ಲು ಇದು ಓಡ್ಲಿ."

ಫಿರ್ಮಿನ್ ಒಂದು ಗಂಟೆ ಕೆಲಸ ಮಾಡಿದ. ಹಳಿಯಡಿ ಅಂಗಿಯ ಗುಂಡಿಯಷ್ಟು ಪುಟ್ಟ ಸೆನ್ಸರ್ ಕೂರಿಸಿ, ಕಂಪ್ಯೂಟರಿನಲ್ಲಿದ್ದ ನಾಲ್ಕನ್ನು ಅಳಿಸಿದ. ಹತ್ತನ್ನು ಹಾಕಲಿಲ್ಲ.

"ಇನ್ನು ಗಡಿಯಾರದ ಮಾತಿಲ್ಲ. ಎದುರಿನದು ಗಿರಣಿಗೆ ಬಂದು ಮುಟ್ಟಿದ್ಮೇಲೇ ಇದು ಹೊರಡೋದು."

ವಿದ್ಯುತ್ ಹಾಕಿದರು. ಅಶೀಲನ ಟ್ರಾಮ್ ಗಿರಣಿಗೆ ಬಂದು ನಿಂತಿತು. ಎದುರಿನದು ತಿರುವಿನಿಂದ ಇಣುಕಿತು. ಫಿರ್ಮಿನ್ ಅದರ ಮುಂದೆ ಬೆರಳು ಅಡ್ಡ ಇಟ್ಟ. ಗಾಲಿಗಳು ನಿಂತಲ್ಲೇ ಗುರುಗುಟ್ಟಿದವು. ನಾಲ್ಕು ಸೆಕೆಂಡು ಕಳೆಯಿತು, ಹತ್ತು ಕಳೆಯಿತು, ಒಂದು ನಿಮಿಷವೇ ಕಳೆಯಿತು. ಗಿರಣಿಯ ಬಳಿ ಅಶೀಲನ ಟ್ರಾಮ್ ಅಲ್ಲಾಡದೆ ನಿಂತಿತ್ತು. ಫಿರ್ಮಿನ್ ಅದನ್ನೇ ನೋಡುತ್ತಿದ್ದ. ಬೆರಳು ತೆಗೆಯಲಿಲ್ಲ.