ತೂಕ ನಿಲ್ಲುವವರೆಗೆ

ಹಲ್ಲುಜ್ಜುವ ಹಳೆಯ ಬ್ರಶ್ ಹಿಡಿದು ಚಾಮು ಕೀಬೋರ್ಡಿನ ಸಂದುಗಳಿಂದ ಕಪ್ಪು ಪುಡಿ ತೆಗೆಯುತ್ತಿದ್ದಳು. ಮೊದಲು ಮೇಲಿನ ಸಾಲು, ಆಮೇಲೆ ಅದರ ಕೆಳಗಿನದು. ಗಂಧದಕಡ್ಡಿ ಕಾರ್ಖಾನೆಯಲ್ಲಿ ಇದ್ದಿಲ ಪುಡಿ ನುಗ್ಗದ ಜಾಗವೇ ಇಲ್ಲ. ಪಾಳಿಯವರು ಇನ್ನೂ ಬಂದಿರಲಿಲ್ಲ. ಹೆಗಲಿಗೆ ಬ್ಯಾಗು ತಗುಲಿಸಿಕೊಂಡ ಒಬ್ಬ ಯುವತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಚಾಮು ಕೊನೆಯ ಸಾಲಿಗೆ ಬಂದು, ಉದ್ದನೆಯ ಗುಂಡಿಯ ಕೆಳಗೆ ಬಾಯಿಂದ ಊದಿ, ಬಟ್ಟೆಯಲ್ಲಿ ಒರೆಸಿ, ಸ್ಟೂಲು ಬಿಟ್ಟು ಪಕ್ಕಕ್ಕೆ ಸರಿದಳು.

ಬಂದಿದ್ದವಳು ಅಕ್ಷತಾ. ಲಕ್ಷ್ಮೀಪುರಂನ ಒಂದು ಮನೆಯ ಮಹಡಿಯ ಮೇಲೆ ನಾಲ್ಕೈದು ಜನ ಸೇರಿ ನಡೆಸುತ್ತಿದ್ದ ಕಂಪ್ಯೂಟರ್ ಕಂಪನಿಯ ಇಂಜಿನಿಯರು. ಕಡಕೊಳದ ಈ ಕಾರ್ಖಾನೆಗೆ ಪ್ಯಾಕಿಂಗ್ ಮೆಷಿನ್ ಬಂದಾಗ ಅದನ್ನು ನಡೆಸುವ ಕಂಪ್ಯೂಟರನ್ನು ಕೂರಿಸಿಕೊಟ್ಟವರು ಅವರೇ. ಈಗ ಅದಕ್ಕೆ ಕಾಯಿಲೆ ಬಂದಿತ್ತು.

ಕಾಯಿಲೆಯೂ ವಿಚಿತ್ರದ್ದೇ. ಮೆಷಿನ್ನಿನ ಮೇಲಿನ ಬಾಯಿಂದ ಕಡ್ಡಿಗಳು ಸುರಿಯುತ್ತವೆ, ಕೆಳಗಿನ ತಟ್ಟೆ ಅವನ್ನು ತೂಗುತ್ತದೆ, ಸರಿಯಾದ ತೂಕ ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳಬೇಕು. ದಿನದಲ್ಲಿ ಕೆಲವು ಸಲ ಅದು ಮುಚ್ಚುತ್ತಿರಲಿಲ್ಲ. ಏನೋ ಯೋಚನೆಗೆ ಬಿದ್ದವರ ಹಾಗೆ ಮೆಷಿನ್ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತು. ಕಡ್ಡಿಗಳು ತಟ್ಟೆ ತುಂಬಿ ನೆಲಕ್ಕೆ ಚೆಲ್ಲುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಕೆಲಸ ಶುರು.

ಸೂಪರ್‌ವೈಸರ್ ದೇವರಾಜು ಇದಕ್ಕೆಲ್ಲ ಚಾಮುವೇ ಕಾರಣ ಎಂದು ತೀರ್ಮಾನಿಸಿಬಿಟ್ಟಿದ್ದರು. "ಕೂತಲ್ಲೇ ತೂಕಡಿಸ್ತೀಯೋ, ಏನಾರ ಒತ್ತಿ ಒತ್ತಿ ಕೆಡಿಸ್ತೀಯೋ, ನಂಗೊತ್ತಿಲ್ಲ. ಈ ತಿಂಗ್ಳು ಸರಿಹೋಗ್ಲಿಲ್ಲ ಅಂದ್ರೆ ಕಡ್ಡಿ ಹೊಸೆಯೋ ಹಾಲ್‌ಗೆ ಹೊರಡು ಕಣಮ್ಮ. ಇಲ್ಲಿಗೆ ಬೇರೆಯವ್ರನ್ನ ಕೂರಿಸ್ತೀನಿ" ಎಂದಿದ್ದರು.

ಚಾಮು ಎಂದರೆ ಚಾಮುಂಡೇಶ್ವರಿ. ಅಷ್ಟುದ್ದ ಯಾರೂ ಕರೆಯುತ್ತಿರಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅವ್ವನ ಜೊತೆ ಮನೆಯ ಜಗಲಿಯಲ್ಲಿ ಕಡ್ಡಿ ಹೊಸೆಯಲು ಕೂತವಳು, ಆಮೇಲೆ ಕಾರ್ಖಾನೆಯ ಹಾಲಿಗೆ ಬಂದಳು. ಹಾಲಿನಲ್ಲಿ ನೂರು ಹೆಂಗಸರು, ನೂರು ಮಾತು. ಎಲ್ಲಕ್ಕೂ ಉತ್ತರ ಕೊಡಬೇಕು, ಕೊಡದಿದ್ದರೆ ಜಂಬದವಳು. ಮೆಷಿನ್ ಬಂದಾಗ ಅವಳನ್ನು ಅದರ ಮುಂದೆ ಕೂರಿಸಿದರು, ಅಲ್ಲಿ ಆ ಕಾಟವಿರಲಿಲ್ಲ. ಪರದೆಯ ಮೇಲೆ ಅಂಕಿಗಳು ಓಡುತ್ತಿದ್ದವು. ಆ ಗಾಜಿನ ಹಿಂದೆ ಯಾರೋ ತುಂಬ ಅವಸರದಲ್ಲಿ ಏನೋ ಮಾಡುತ್ತಿದ್ದಾರೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಏನು ಮಾಡುತ್ತಾರೆ? ಕೇಳಲು ನಾಲಗೆ ಏಳುತ್ತಿರಲಿಲ್ಲ. ಆದರೂ ಆ ಸ್ಟೂಲನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ.

"ನಿಲ್ಲೋಕೆ ಮುಂಚೆ ನೀವೇನಾದ್ರೂ ಮುಟ್ತೀರಾ?" ಅಕ್ಷತಾ ಕೇಳಿದಳು.

ಚಾಮು ಇಲ್ಲವೆಂದು ತಲೆಯಾಡಿಸಿದಳು.

"ಬಾಯಲ್ಲಿ ಹೇಳಮ್ಮ, ಮುತ್ತು ಉದುರೋಗಲ್ಲ!" ಅಷ್ಟರಲ್ಲಿ ಬಂದಿದ್ದ ದೇವರಾಜು ಹಿಂದಿನಿಂದ ಕೂಗಿದರು.

"ಅವರನ್ನ ಬಿಡಿ. ಕಂಪ್ಯೂಟರನ್ನೇ ಕೇಳೋಣ" ಎಂದು ಅಕ್ಷತಾ ಸ್ಟೂಲಿನ ಮೇಲೆ ಕೂತಳು.

ಬಹಳ ಹೊತ್ತು ಏನೇನೋ ಟೈಪು ಮಾಡಿದಳು. ಚಾಮು ಬೆನ್ನ ಹಿಂದೆ ನಿಂತು ನೋಡುತ್ತಲೇ ಇದ್ದಳು. ನೋಡುವವರ ಆಸೆ ಬೆನ್ನಿಗೂ ತಿಳಿಯುತ್ತದೇನೋ, ಅಕ್ಷತಾ ತಿರುಗದೆಯೇ ಹೇಳತೊಡಗಿದಳು.

"ಇದರೊಳಗೆ ಒಂದು ತಿರುಳಿದೆ ಚಾಮು. ಕರ್ನಲ್ ಅಂತೀವಿ. ನೀವು ಗುಂಡಿ ಒತ್ತಿದ್ರೂ, ತಕ್ಕಡಿ ತೂಕ ಕಳಿಸಿದ್ರೂ, ಎಲ್ಲಾ ಅದರ ಮುಂದೇನೇ ಹಾದು ಹೋಗ್ಬೇಕು. ಈಗ ನೀನು ಹೋಗು, ನೀನು ಕಾಯಿ ಅಂತ ಅದೇ ಹೇಳೋದು."

"ನಮ್ ದೇವರಾಜು ಸಾರ್ ಇದ್ದಂಗಾ?"

ಬಾಯಿಂದ ಜಾರಿದ ಮೇಲೆ ಚಾಮು ನಾಲಗೆ ಕಚ್ಚಿಕೊಂಡಳು. ದೇವರಾಜು ಪುಣ್ಯಕ್ಕೆ ದೂರ ಹೋಗಿದ್ದರು. ಅಕ್ಷತಾ ಗಟ್ಟಿಯಾಗಿ ನಕ್ಕಳು.

"ಹಾಗೇ. ಆದ್ರೆ ಇದು ಕೂಗಾಡಲ್ಲ. ಅದಕ್ಕೇ ಕಷ್ಟ, ಒಳಗೆ ಏನು ನಡೀತಿದೆ ಅಂತ ಹೊರಗಿರೋರಿಗೆ ಗೊತ್ತೇ ಆಗಲ್ಲ. ಈಗ ನಾನೇನು ಮಾಡ್ತೀನಿ, ಅದರ ಬಾಗಿಲು ಬಾಗಿಲಲ್ಲೂ ಒಬ್ಬೊಬ್ಬರನ್ನ ಕೂರಿಸ್ತೀನಿ ಅಂದ್ಕೊಳ್ಳಿ. ಅವರು ಯಾರನ್ನೂ ತಡೆಯಲ್ಲ, ಯಾರನ್ನೂ ಏನೂ ಕೇಳಲ್ಲ. ಇಂಥವರು ಬಂದ್ರು, ಇಷ್ಟೊತ್ತಿಗೆ ಹೋದ್ರು ಅಂತ ಗುರುತು ಹಾಕ್ತಾರೆ, ಅಷ್ಟೇ ಕೆಲಸ. ಇದಕ್ಕೆ ಟ್ರೇಸ್ ಅಂತಾರೆ."

ಯಾರನ್ನೂ ಏನೂ ಕೇಳದೆ ಬಾಗಿಲಲ್ಲಿ ಕೂತು ನೋಡುವ ಕೆಲಸ. ಅಂಥದ್ದಕ್ಕೂ ಒಂದು ಹೆಸರಿದೆ ಎಂದು ಚಾಮುಗೆ ಈಗಷ್ಟೇ ಗೊತ್ತಾದದ್ದು.

"ಮತ್ತೆ... ಅಷ್ಟೊಂದು ಗುರುತು ಎಲ್ಲಿ ಇಡ್ತಾರೆ?" ಅವಳು ಮೆಲ್ಲಗೆ ಕೇಳಿದಳು.

"ಸರಿಯಾದ್ದೇ ಕೇಳಿದ್ರಿ. ಜಾಗ ಚಿಕ್ಕದು. ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಸಾವಿರಾರು ಗುರುತು ಬೀಳುತ್ವೆ. ತುಂಬಿಹೋದ್ರೆ ಹಳೇದರ ಮೇಲೇ ಹೊಸದು ಬರ್ಕೊಂಡು ಹೋಗುತ್ತೆ. ಹಾಗಾಗಿ ಮೆಷಿನ್ ನಿಂತ ತಕ್ಷಣ ಯಾರಾದ್ರೂ ಒಂದು ಗುಂಡಿ ಒತ್ತಿ, ಸಾಕು ನಿಲ್ಸಿ ಅನ್ಬೇಕು. ತಡ ಮಾಡಿದ್ರೆ ಅಳಿಸಿಹೋಗುತ್ತೆ. ಅದು ನಿಮ್ಮ ಕೆಲಸ." ಹಣೆಯ ಸ್ಟಿಕರ್ ಬೊಟ್ಟನ್ನು ಕಿತ್ತು ಮೇಲಿನ ಸಾಲಿನ ಕೊನೆಯ ಗುಂಡಿಗೆ ಅಂಟಿಸಿದಳು. "ಇದು. ಮರೀಬೇಡಿ."

ಆವತ್ತು ಊಟಕ್ಕೆ ಮುಂಚೆಯೇ ಮೆಷಿನ್ ನಿಂತಿತು. ಚಾಮು ಒತ್ತಬೇಕಾದ್ದು ಗುಂಡಿ. ಆದರೆ ಕಡ್ಡಿಗಳು ತಟ್ಟೆಯಿಂದ ಜಾರುತ್ತಿದ್ದಂತೆಯೇ ಅವಳ ಎರಡೂ ಕೈ ತಾವಾಗಿಯೇ ಅವುಗಳ ಕೆಳಗೆ ಹೋದವು. ಕಡ್ಡಿ ನೆಲ ಮುಟ್ಟಿದರೆ ತಲೆಗೆ ಮೊಟಕುತ್ತಿದ್ದ ಅವ್ವನ ಕೈಕೆಳಗೆ ಬೆಳೆದವಳು ಅವಳು. ಮಡಿಲು ತುಂಬ ಕಡ್ಡಿ ಹಿಡಿದುಕೊಂಡ ಮೇಲೆ ಬೊಟ್ಟು ನೆನಪಾಯಿತು. ಮೊಣಕೈಯಿಂದ ಒತ್ತಿದಳು.

ಅಕ್ಷತಾ ಬಂದು ನೋಡಿ ತಲೆಯಾಡಿಸಿದಳು. "ಇದು ಎಲ್ಲಾ ಮುಗಿದ ಮೇಲಿನ ಕಥೆ. ಬೀಳೋದೆಲ್ಲ ಬೀಳ್ಲಿ ಚಾಮು. ಮೊದಲು ಗುಂಡಿ."

"ಬೀಳ್ಲಿ ಅಂತೀರಾ, ಸಾವ್ಕಾರ್ರಿಗೆ ನೀವೇ ಉತ್ತರ ಕೊಡಿ" ಎಂದು ದೇವರಾಜು ಗೊಣಗಿದರು.

ಮಾರನೆಯ ದಿನ ಮೆಷಿನ್ ನಿಲ್ಲಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅಕ್ಷತಾ ಬಂದು ಕೂತು, ಕಾಯ್ದು, ಚಹಾ ಕುಡಿದು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. "ಇಂಜಿನಿಯರ್ ಕಂಡ್ರೆ ಭಯ ಬಿದ್ದಿದೆ ಮೇಡಂ. ನೀವು ಇಲ್ಲೇ ಒಂದು ರೂಮ್ ಮಾಡ್ಕೊಂಡ್‌ಬುಡಿ" ಎಂದು ದೇವರಾಜು ತಮಾಷೆ ಮಾಡಿದರು. ಆ ಎರಡು ದಿನ ಪ್ರೇಮಲೀಲಾ ಕೆಲಸಕ್ಕೆ ಬಂದಿರಲಿಲ್ಲ. ಪೊಟ್ಟಣಗಳನ್ನು ರಟ್ಟಿನ ಡಬ್ಬಕ್ಕೆ ತುಂಬುವವಳು ಅವಳು. ಖಾಲಿ ಡಬ್ಬ ತರಲು ಸ್ಟೋರಿಗೆ ಹೋಗಿಬರುವುದೂ ಅವಳೇ, ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ಐದಾರು ತಿಂಗಳ ಮಗುವಿನ ತಾಯಿ. ಮಗುವನ್ನು ಮಂಡಕಳ್ಳಿಯಲ್ಲಿ ಅತ್ತೆ ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದಳು. ಅದಕ್ಕೆ ಜ್ವರವಂತೆ, ಹಾಗಾಗಿ ರಜೆ. ಅವಳ ಬದಲು ಚಾಮುವೇ ಓಡಾಡಿ ಪೊಟ್ಟಣ ತುಂಬಿದಳು. ಡಬ್ಬ ಮೊದಲೇ ತಂದಿಟ್ಟದ್ದಿತ್ತು.

ಮೂರನೆಯ ದಿನ ಪ್ರೇಮಲೀಲಾ ಬಂದಳು. "ಏನೇ ಚಾಮು, ಇಂಜಿನಿಯರ್ ಜೊತೆ ಸೇರ್ಕೊಂಡು ಮಾತು ಕಲ್ತ್‌ಬುಟ್ಟಿದ್ದೀಯಂತೆ?" ಎಂದು ಕೆನ್ನೆ ಚಿವುಟಿದಳು. ಹಾಲಿನಲ್ಲಿದ್ದಾಗಲೂ ಚಾಮುವನ್ನು ಜಂಬದವಳು ಎನ್ನದೆ ಇದ್ದವಳು ಇವಳೊಬ್ಬಳೇ.

ಹನ್ನೊಂದರ ಚಹಾ ಬರುವ ಹೊತ್ತಿಗೆ ಮೆಷಿನ್ ನಿಂತಿತು.

ಚಾಮು ಗುಂಡಿ ಒತ್ತಿದಳು. ಒತ್ತಿ, ಬೆರಳನ್ನು ಹಾಗೇ ಇಟ್ಟುಕೊಂಡು, ಇನ್ನೊಂದು ಕೈಯನ್ನು ತೊಡೆಯ ಕೆಳಗೆ ಹಾಕಿ ಕೂತಳು. ಕಡ್ಡಿಗಳು ಅವಳ ಪಾದದ ಮೇಲೆ ಸುರಿದವು.

"ಏಯ್! ಕಡ್ಡಿ, ಕಡ್ಡಿ! ಕೈ ಏನಾಗಿದೆ ನಿಂಗೆ?" ದೇವರಾಜು ಓಡಿ ಬಂದರು.

"ಸಿಕ್ತು!" ಅಕ್ಷತಾ ಅವರನ್ನು ದಾಟಿ ಪರದೆಗೆ ಬಾಗಿದಳು. "ಭೇಷ್ ಚಾಮು. ಎಲ್ಲಾ ಇದೆ, ಪೂರ್ತಿ ಇದೆ."

ಪರದೆಯ ತುಂಬ ಸಾಲುಗಳು. ಅಕ್ಷತಾ ಬೆರಳಿಟ್ಟು ತೋರಿಸುತ್ತ ಹೋದಳು. ಇದು ನಿಮ್ಮ ತಟ್ಟೆಯ ತಕ್ಕಡಿ ಬಂದದ್ದು, ಇದು ತೂಕ ಹೇಳಿ ಹೋದದ್ದು. ಮತ್ತೆ ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಆಮೇಲೆ ಅವಳ ಬೆರಳು ನಿಂತಿತು.

"ಇದ್ಯಾರು?"

ಚಾಮು ಇಣುಕಿದಳು. ಅಕ್ಷರ ಅರ್ಥವಾಗದಿದ್ದರೂ ಆ ಸಾಲು ಬೇರೆಯವುಗಳ ಹಾಗಿಲ್ಲವೆಂದು ಕಾಣುತ್ತಿತ್ತು. ಒಳಗೆ ಬಂದದ್ದರ ಗುರುತಿತ್ತು, ಹೋದದ್ದರ ಗುರುತಿರಲಿಲ್ಲ.

"ದೇವರಾಜು ಅವರೇ, ಈ ಕಂಪ್ಯೂಟರಿಗೆ ಎರಡನೇ ತಕ್ಕಡಿ ಇದೆಯಾ?"

"ಎರಡನೇದಾ? ಸ್ಟೋರ್‌ನಲ್ಲಿ ಪುಡಿ ಮೂಟೆ ತೂಗೋದೊಂದಿತ್ತು. ನಿಮ್ಮೋರೇ ವೈರ್ ಎಳ್ದಿದ್ರು. ಅದನ್ನ ಯಾರು ಬಳಸ್ತಾರೆ, ಮೂಲೇಲಿ ಬಿದ್ದದೆ."

"ಬಿದ್ದಿಲ್ಲ, ಎದ್ದು ಕೂತಿದೆ. ತೂಕ ಕಳಿಸ್ತಿದೆ." ಅಕ್ಷತಾ ಹಣೆ ಉಜ್ಜಿಕೊಂಡಳು. "ಅಯ್ಯೋ, ಗೊತ್ತಾಯ್ತು. ತಪ್ಪು ನಮ್ದೇ. ಎರಡು ತಕ್ಕಡಿಗೂ ನಾವು ಒಳಗೆ ಒಂದೇ ಬಾಗಿಲು ಇಟ್ಟಿದೀವಿ. ಆ ಹಳೇದು ಬಾಗಿಲಿಗೆ ಬಂದ್ರೆ, ತೂಕ ಅಲ್ಲಾಡದೆ ನಿಲ್ಲೋವರೆಗೂ ಬಾಗಿಲು ಹಿಡ್ಕೊಂಡು ನಿಂತ್ಕೊಳ್ಳುತ್ತೆ. ನಿಮ್ಮ ತಟ್ಟೆ ಪಾಪ ಹೊರಗೆ ಕಾಯ್ತಾ ಇರುತ್ತೆ. ಮೂಟೆ ಆದ್ರೆ ಇಟ್ಟ ಕೂಡ್ಲೇ ನಿಂತ್‌ಬಿಡುತ್ತೆ, ತೊಂದ್ರೆ ಇಲ್ಲ. ಇದು ಮೂಟೆ ಅಲ್ಲ."

"ಮತ್ತೇನು?"

ಅಕ್ಷತಾ ಇನ್ನೇನೋ ಒತ್ತಿ, ಹಳೆಯ ತಕ್ಕಡಿ ಆ ಗಳಿಗೆಯಲ್ಲಿ ಕಳಿಸುತ್ತಿದ್ದ ತೂಕವನ್ನೇ ಪರದೆಗೆ ತಂದಳು. ಆರು ಕೇಜಿಯ ಆಚೆ ಈಚೆ. ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೆಲೇ ಕುಪ್ಪಳಿಸುತ್ತಿತ್ತು.

"ಹೆಗ್ಗಣ" ಎಂದರು ದೇವರಾಜು.

"ಆರು ಕೇಜಿ ಹೆಗ್ಗಣನಾ?"

"ಕಡಕೊಳದ ಹೆಗ್ಗಣ ನೀವು ನೋಡಿಲ್ಲ ಬುಡಿ ಮೇಡಂ."

ಸುತ್ತ ನಿಂತವರೆಲ್ಲ ನಕ್ಕರು. ಚಾಮುಗೂ ನಗು ಬಂತು. ಆರು ಕೇಜಿ ಇದ್ದು ಸುಮ್ಮನಿರಲಾರದ್ದು ಏನಿರಬಹುದು? ಅಂಕಿಗಳು ಕುಣಿಯುವುದನ್ನು ನೋಡುತ್ತ ಅವಳು ಮೈಮರೆತಿದ್ದಳು. ಗೋಡೆಯಾಚೆಗಿನ ಕತ್ತಲ ಕೋಣೆಯಲ್ಲಿ ಏನೋ ಒಂದು ಅಲ್ಲಾಡುತ್ತಿದೆ, ಅದರ ಒಂದೊಂದು ಅಲುಗಾಟವೂ ಇಲ್ಲಿ ತನ್ನ ಕಣ್ಣ ಮುಂದೆ ಬೀಳುತ್ತಿದೆ. ಇಷ್ಟು ದಿನ ಗಾಜಿನ ಹಿಂದೆ ಅವಸರ ಮಾಡುತ್ತಿದ್ದವರು ಕೊನೆಗೂ ಬಾಗಿಲು ತೆರೆದು ಒಳಗೆ ಕರೆದಂತಿತ್ತು.

ಹೀಗೇ ತಲೆಯೆತ್ತಿದಾಗ ಪ್ರೇಮಲೀಲಾ ಕಂಡಳು. ಎಲ್ಲರೂ ನಗುತ್ತಿದ್ದರೆ ಅವಳೊಬ್ಬಳು ಖಾಲಿ ಡಬ್ಬವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಸೆರಗನ್ನು ಎಳೆದು ರವಿಕೆಯ ಒದ್ದೆಯನ್ನು ಮುಚ್ಚಿಕೊಂಡಳು. ಅವಳ ಕಣ್ಣು ಪರದೆಯ ಮೇಲಿನ ಅಂಕಿಗಳನ್ನು ಬಿಟ್ಟು ಕದಲಲಿಲ್ಲ.

ಚಾಮುವಿನ ನಗು ಅಲ್ಲೇ ನಿಂತಿತು. ಮೆಷಿನ್ ಕೆಡದೆ ಇದ್ದ ಎರಡು ದಿನ, ಜ್ವರ, ಸೊಂಟದ ಬೀಗದ ಕೈ, ಡಬ್ಬ ತರಲು ಹೋದವಳು ಬೇಗ ಬಾರದೆ ಇದ್ದದ್ದು. ಯಾರೂ ಕೇಳಿರಲಿಲ್ಲ, ಚಾಮುವೂ ಹೇಳಿರಲಿಲ್ಲ. ಕಣ್ಣಿಗೆ ಮಾತ್ರ ಎಲ್ಲ ಬಿದ್ದಿತ್ತು.

"ಪ್ರೇಮಲೀಲಾ, ಸ್ಟೋರ್ ಕೀ ಕೊಡಮ್ಮ" ಎಂದರು ದೇವರಾಜು.

"ನಾನೇ ನೋಡ್ಕೊಂಡ್ ಬತ್ತೀನಿ ಸಾರ್. ಒಳ್ಗೆ ಧೂಳು."

"ನಂಗೇನು ಧೂಳು ಹೊಸದಾ? ಕೊಡು."

ಕೊಟ್ಟಳು. ದೇವರಾಜು, ಅಕ್ಷತಾ, ಹಿಂದೆ ಪ್ರೇಮಲೀಲಾ. ಚಾಮುವೂ ಎದ್ದು ಹಿಂಬಾಲಿಸಿದಳು. ನಡೆಯುತ್ತಲೇ ದೇವರಾಜು ಅವಳ ಕಡೆ ತಿರುಗಿದರು. "ನಿನ್ ತಪ್ಪಿಲ್ಲ ಬುಡು. ಆ ಜಾಗ ನಿಂದೇ, ಯಾರೂ ಎಬ್ಬಿಸಲ್ಲ." ತಿಂಗಳಿಡೀ ಆ ಒಂದು ಮಾತಿಗಾಗಿ ಕಾದಿದ್ದಳು. ಈಗ ಬಂದದ್ದು ಕಿವಿಯ ಹೊರಗೇ ಉಳಿಯಿತು. ಬೊಟ್ಟಿನ ಗುಂಡಿಯನ್ನು ಒತ್ತಿದ್ದು ತನ್ನ ಬೆರಳು ಎನ್ನುವುದೊಂದೇ ತಲೆಯಲ್ಲಿತ್ತು.

ಸ್ಟೋರಿನ ಬಾಗಿಲು ತೆರೆಯಿತು. ಪುಡಿ ಮೂಟೆಗಳ ಹಿಂದೆ ಹಳೆಯ ತಕ್ಕಡಿ. ಅದರ ಅಗಲವಾದ ತಟ್ಟೆಗೆ ನಾಲ್ಕೂ ಕಡೆ ಕಬ್ಬಿಣದ ಅಂಚು ಎದ್ದಿತ್ತು, ಮಲಗಿದ್ದು ಉರುಳಿ ಬೀಳದ ಹಾಗೆ. ಮಡಿಸಿ ಹಾಸಿದ ಹಳೆಯ ಸೀರೆಯ ಮೇಲೆ ಮಗು ಅಂಗಾತ ಮಲಗಿತ್ತು. ಅಳುತ್ತಿರಲಿಲ್ಲ. ತಕ್ಕಡಿಯ ಕಂಬದ ಮೇಲೆ ಕೆಂಪು ಅಂಕಿಗಳು ಹೊಳೆಯುತ್ತಿದ್ದವು. ಮಗು ಕಾಲು ಜಾಡಿಸುವುದು, ಅಂಕಿ ಬದಲಾಗುವುದನ್ನು ನೋಡುವುದು. ಮತ್ತೆ ಜಾಡಿಸುವುದು, ಮತ್ತೆ ನೋಡುವುದು. ತಾನು ಅಲ್ಲಾಡಿದರೆ ಅದೂ ಅಲ್ಲಾಡುತ್ತದೆ ಎಂಬುದು ಅದಕ್ಕೆ ಗೊತ್ತಾಗಿಹೋಗಿತ್ತು.

ಪ್ರೇಮಲೀಲಾ ಎಲ್ಲರನ್ನೂ ದಾಟಿ ಹೋಗಿ ಮಗುವಿನ ಪಕ್ಕದಲ್ಲಿ ನಿಂತಳು.

"ಅತ್ತೆ ತೀರ್ಕೊಂಡು ಎರಡು ತಿಂಗ್ಳಾಯ್ತು ಸಾರ್" ಎಂದಳು ಪ್ರೇಮಲೀಲಾ. "ನೆಲದಲ್ಲಿ ಮಲಗಿಸಿದ್ರೆ ಇರುವೆ."

ದೇವರಾಜು ಮೂಟೆಗಳ ಸಾಲನ್ನು ತಲೆಯೆತ್ತಿ ನೋಡಿದರು. "ಇದ್ರಲ್ಲಿ ಒಂದು ಜಾರಿದ್ರೆ ಏನಮ್ಮ ಗತಿ? ಮಕ್ಳನ್ನ ಒಳಗೆ ತಂದೋರನ್ನ ಆವತ್ತೇ ಕೆಲ್ಸದಿಂದ ಕಳಿಸ್ಬುಡು ಅಂತ ಸಾವ್ಕಾರ್ರು ನಂಗೆ ಹೇಳವ್ರೆ. ಮೆಷಿನ್ ಯಾಕೆ ನಿಲ್ತಿತ್ತು ಅಂತ ಸಾಯಂಕಾಲ ಕೇಳ್ತಾರೆ. ಏನು ಹೇಳ್ಲಿ ನಾನು?" ಕೂಗಿ ಹೇಳಿದ್ದಲ್ಲ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ಚಾಮು ಎಂದೂ ಕೇಳಿರಲಿಲ್ಲ.

ಅಕ್ಷತಾ ಬಗ್ಗಿ ತಕ್ಕಡಿಯ ಹಿಂದಿನಿಂದ ಗೋಡೆಗೆ ಹೋಗಿದ್ದ ಬೂದುಬಣ್ಣದ ತಂತಿಯನ್ನು ಬೆರಳಲ್ಲಿ ಎತ್ತಿದಳು. ಕಂಪ್ಯೂಟರಿಗೆ ಎಳೆದಿದ್ದ ತಂತಿ ಅದೇ.

ಮಗು ಕಾಲು ಜಾಡಿಸಿತು. ಕೆಂಪು ಅಂಕಿ ಕುಣಿಯಿತು. ಗೋಡೆಯಾಚೆ ಮೆಷಿನ್ನಿನ ಸದ್ದು ಇನ್ನೂ ಶುರುವಾಗಿರಲಿಲ್ಲ.

ಚಾಮು ಒಂದು ಹೆಜ್ಜೆ ಮುಂದೆ ಬಂದಳು. ಮಾತು ಬಂತು, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಬಂತು.

"ಆ ವೈರ್ ಒಂದನ್ನ ಕಿತ್ತುಬುಡಿ ಸಾರ್. ಮಗು ಇಲ್ಲೇ ಇರ್ಲಿ."

ಅಕ್ಷತಾ ದೇವರಾಜುವಿನ ಮುಖ ನೋಡಿದಳು. ದೇವರಾಜು ಮಗುವನ್ನು ನೋಡುತ್ತ ನಿಂತರು. ಅಕ್ಷತಾ ಹಿಡಿದಿದ್ದ ತಂತಿಯನ್ನು ಕೈಬಿಡಲಿಲ್ಲ.